ಅಮ್ಮ ಕಿವಿಯಲ್ಲಿ ನೋಡಿದ ಸಿನಿಮಾ

ಡೀಸೆಲ್ ವಾಸನೆ ಬಂದರೆ ನನಗೆ ಈಗಲೂ ಕೊಚ್ಚಿಯ ಆ ಶನಿವಾರ ನೆನಪಾಗುತ್ತದೆ. ಅಪ್ಪ ವಿಲ್ಲಿಂಗ್ಡನ್ ಐಲ್ಯಾಂಡಿನ ಬ್ಯಾಂಕಿನಿಂದ ಬೋಟಿನಲ್ಲಿ ಮನೆಗೆ ಬರುತ್ತಿದ್ದರು. ಆ ವಾಸನೆ ಅವರ ಅಂಗಿಗೆ ಅಂಟಿಕೊಂಡೇ ಇರುತ್ತಿತ್ತು. ಅಂದು ಬಂದವರೇ ಕುರ್ಚಿಗೆ ಒರಗಿ, "ಎದೆ ಯಾಕೋ ಭಾರ ಕಣೇ, ಸಿನಿಮಾಗೆ ನಾಳೆ ಹೋಗೋಣ್ವಾ?" ಎಂದರು. ಅಮ್ಮ ಆಗಲೇ ಸೀರೆ ಉಟ್ಟು ನಿಂತಿದ್ದಳು. "ಗ್ಯಾಸು. ಕ್ಯಾಂಟೀನಲ್ಲಿ ಆ ಮರಗೆಣಸಿನ ಕಪ್ಪ ತಿಂದು ಬಂದ್ರೆ ಇನ್ನೇನಾಗುತ್ತೆ? ಜೀರಿಗೆ ನೀರು ಕುಡೀರಿ, ಏಳಿ." ಅಪ್ಪ ಕುಡಿದರು, ಎದ್ದರು.

ಅದೊಂದು ನಗೆಯ ಪ್ರೇಮಕಥೆ. ಥಿಯೇಟರ್ ಬಹುಪಾಲು ಖಾಲಿಯಿತ್ತು, ಬಂದವರಿಗೂ ಬೇಸರ. ಹುಡುಗಿಯನ್ನು ನೋಡಲು ವರ ಬಂದಾಗ, ಅವಳ ಪ್ರೇಮಿ ಅಡುಗೆಯವನಂತೆ ನಟಿಸಿ ಚಹಾಕ್ಕೆ ಉಪ್ಪು ಸುರಿಯುವ ದೃಶ್ಯಕ್ಕೆ ಜನ ಕೂಗು ಹಾಕಿದರು. ಅಮ್ಮನಿಗೆ ಆಗ ಮಲಯಾಳ ಬರುತ್ತಿರಲಿಲ್ಲ. ಅಪ್ಪ ಯಾವಾಗಲೂ ಮಾಡುವಂತೆ ಅವಳ ಕಿವಿಗೆ ಬಾಗಿ ಒಂದೊಂದು ಮಾತನ್ನೂ ನಮ್ಮ ಮೈಸೂರಿನ ಕನ್ನಡದಲ್ಲಿ ಹೇಳುತ್ತಿದ್ದರು. ಅವಳು ಒಂದು ಗಳಿಗೆ ತಡವಾಗಿ, ಒಬ್ಬಳೇ, ಜೋರಾಗಿ ನಗುತ್ತಿದ್ದಳು. ಮುಂದಿನ ಸಾಲಿನವನು ತಿರುಗಿ, "ಚೇಟ್ಟಾ, ಒನ್ನು ಮಿಂಡಾದಿರಿಕ್ಕಾಮೋ?" ಎಂದ. "ಸ್ವಲ್ಪ ಬಾಯಿ ಮುಚ್ಕೊಂಡಿರ್ತೀರಾ ಅಂತಿದಾನೆ. ಇದು ಸಿನಿಮಾದಲ್ಲಿಲ್ಲ" ಎಂದು ಅಪ್ಪ ಅದನ್ನೂ ಅಮ್ಮನಿಗೆ ಹೇಳಿದರು.

ಮರುದಿನ ಬೆಳಿಗ್ಗೆ ಹಲ್ಲುಜ್ಜುತ್ತಾ ಕುಸಿದ ಅಪ್ಪ ಆಸ್ಪತ್ರೆ ಮುಟ್ಟಲಿಲ್ಲ. ಮೈಸೂರಿನಿಂದ ಬಂದ ಸೋದರತ್ತೆ, "ಹಿಂದಿನ ದಿನ ಸಿನಿಮಾಗೆ ಹೋಗಿದ್ರಂತೆ" ಎಂದು ಅಮ್ಮನಿಗೆ ಕೇಳುವಂತೆಯೇ ಹೇಳಿದಳು. ಆ ವಾರವೇ ಸಿನಿಮಾ ಥಿಯೇಟರಿನಿಂದ ಹೋಯಿತು. ಅಪ್ಪನ ಬದಲಿಗೆ ಅಮ್ಮನಿಗೆ ಬ್ಯಾಂಕು ತಿರುವನಂತಪುರದಲ್ಲಿ ಕೆಲಸ ಕೊಟ್ಟಿತು. ಅವಳು ಮತ್ತೆ ಯಾವ ಥಿಯೇಟರಿಗೂ ಕಾಲಿಡಲಿಲ್ಲ.

ಕಳೆದ ವಾರ ಅದೇ ಸಿನಿಮಾ ಇಲ್ಲಿ ತಿರುವನಂತಪುರದಲ್ಲಿ ಮರುಬಿಡುಗಡೆಯಾಯಿತು. ಅಮ್ಮನಿಗೆ ಹೇಳದೆ ಹೋದೆ. ಸೀಟೆಲ್ಲ ಭರ್ತಿ. ಅದು ಬಂದಾಗ ಹುಟ್ಟಿಯೇ ಇರದ ಹುಡುಗರು ನಟರಿಗಿಂತ ಮೊದಲೇ ಮಾತುಗಳನ್ನು ಒಪ್ಪಿಸುತ್ತಿದ್ದರು. ಉಪ್ಪಿನ ಚಹಾ ಬಂದಾಗ ಇಡೀ ಹಾಲ್ ಎದ್ದು ನಿಂತಿತು. ನಾನೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಆಮೇಲೆ ಸಾವಿನ ಮನೆಯಲ್ಲಿ ನಕ್ಕು ಸಿಕ್ಕಿಬಿದ್ದವಳಂತೆ ಮುಖ ಬಿಸಿಯಾಯಿತು. ಹತ್ತಿರದವರನ್ನು ಕಳೆದುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮನೆಗೆ ಬಂದಾಗ ಅಮ್ಮ ಚಾಲೈ ಪೇಟೆಯಿಂದ ತಂದ ಅಲಸಂದೆ ಹೆಚ್ಚುತ್ತಿದ್ದಳು. ಎಲ್ಲಿಗೆ ಹೋಗಿದ್ದೆನೆಂದು ಹೇಳಿದೆ. ಚಾಕು ನಿಂತಿತು.

"ಜನ ನಕ್ರಾ?"

"ತುಂಬಾ."

"ನೀನು?"

"ನಕ್ಕೆ" ಎಂದೆ, ತಲೆ ತಗ್ಗಿಸಿ.

"ನಗೋದ್ರಲ್ಲಿ ತಪ್ಪೇನಿದೆ? ಏಳಿ ಅಂದವಳು ನಾನು."

"ಅದು ಗ್ಯಾಸ್ ಅಲ್ಲ ಅಂತ ಯಾರಿಗೆ ಗೊತ್ತಿತ್ತಮ್ಮ?"

"ಅವರು ಹೇಳಿದ್ರಲ್ಲ."

ನಾನೂ ಒಂದು ಅಲಸಂದೆ ಎತ್ತಿಕೊಂಡು, "ನಾಳೆ ನನ್ನ ಜೊತೆ ಬಾ. ಪಕ್ಕದಲ್ಲಿ ಕೂತು ಎಲ್ಲ ಹೇಳ್ತೀನಿ" ಎಂದೆ.

"ಈಗ ನಂಗೇ ಅರ್ಥ ಆಗುತ್ತಲ್ಲ" ಎಂದಳು ಅಮ್ಮ. ಇಷ್ಟು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತೂ ಕೂತೂ ಅವಳ ಮಲಯಾಳ ನನ್ನದಕ್ಕಿಂತ ಚೆನ್ನಾಗಿದೆ. ಮತ್ತೆ ಅಲಸಂದೆಗೆ ಕೈ ಹಾಕಿದಳು.

ಅವಳು ಬರಲಿಲ್ಲ. ನಾನೂ ಇನ್ನೊಮ್ಮೆ ಕೇಳಲಿಲ್ಲ. ಅಪ್ಪನ ಧ್ವನಿ ನಮ್ಮ ಮನೆಯಲ್ಲಿ ಯಾವ ಕ್ಯಾಸೆಟ್ಟಿನಲ್ಲೂ ಉಳಿದಿಲ್ಲ; ಅಮ್ಮ ಆ ಸಿನಿಮಾ ಕೇಳಿದ್ದು ಆ ಧ್ವನಿಯಲ್ಲೇ.