ಅಪ್ಪ ಇಟ್ಟ ಚುಕ್ಕೆ

ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಬಟ್ಟೆಗೆ ನಂಬರ್ ಚೀಟಿ ಪಿನ್ ಮಾಡುವುದು ಅವಳ ಕೆಲಸ. ಹಾಗಾಗಿ ಬೀದಿಗೆಲ್ಲ ಅವಳು ಚೀಟಿ ಅಕ್ಕ. ವಯಸ್ಸು ಮೂವತ್ತನಾಲ್ಕು. ಮೂವತ್ತೈದು ದಾಟಿದರೆ ಸರ್ಕಾರಿ ಗುಮಾಸ್ತರ ಹುದ್ದೆಯ ಪರೀಕ್ಷೆಗೆ ಕೂರುವಂತಿಲ್ಲ. ಲೆಕ್ಕ, ಸಾಮಾನ್ಯ ಜ್ಞಾನ ಎಲ್ಲ ನೀರು ಕುಡಿದಷ್ಟು ಸಲೀಸು. ನಾಲ್ಕು ಸಲವೂ ಕೈಕೊಟ್ಟದ್ದು ಇಂಗ್ಲಿಷ್ ಒಂದೇ. ಇದು ಕೊನೆಯ ಸಲ.

ಅಪ್ಪ ಇದ್ದಾಗ ಪಾಠ ಒಪ್ಪಿಸುವುದೇ ಒಂದು ತಮಾಷೆ. ಅವನಿಗೆ ಇಂಗ್ಲಿಷ್ ಓದಲು ಬಾರದು, ಅಂಕಿ ಮಾತ್ರ ಗೊತ್ತು. ಬೆಳಿಗ್ಗೆ ಕಿಟಕಿ ಪಕ್ಕದ ಕುರ್ಚಿಯಲ್ಲಿ ಅವಳ ಇಂಗ್ಲಿಷ್ ಪುಸ್ತಕ ಹಿಡಿದು ಕೂತು, ದೊಡ್ಡ ಮೇಷ್ಟ್ರ ಗತ್ತಿನಲ್ಲಿ "ನಲವತ್ತೊಂದು" ಎನ್ನುತ್ತಿದ್ದ. ಆ ನಂಬರಿನಲ್ಲಿ ಇರುವುದು ಪದವಾದರೂ ಸರಿ, ಬಿಟ್ಟ ಸ್ಥಳ ತುಂಬುವ ವಾಕ್ಯವಾದರೂ ಸರಿ, ಅವಳು ಬಾಯಿಪಾಠ ಹೇಳಬೇಕು. ಅವನು ನೋಡುತ್ತಿದ್ದದ್ದು ಪುಸ್ತಕವನ್ನಲ್ಲ, ಮಗಳ ಗಂಟಲನ್ನು.

"ಉಗುಳು ನುಂಗಿದೆ ನೀನು. ಇದು ಬರಲ್ಲ ನಿಂಗೆ."

"ಸರಿಯಾಗೇ ಹೇಳಿದ್ನಲ್ಲಪ್ಪ!"

"ಬಾಯಿ ಹೇಳ್ತು, ಗಂಟಲು ಒಪ್ಪಲಿಲ್ಲ."

ಆ ಅಂಕಿಯ ಪಕ್ಕ ಪೆನ್ಸಿಲಿನಲ್ಲಿ ಒಂದು ಚುಕ್ಕೆ ಇಡುತ್ತಿದ್ದ. ಅವನ ಊಹೆ ಸುಳ್ಳಾಗುತ್ತಿದ್ದದ್ದೇ ಅಪರೂಪ. ಪದ ನಿಜವಾಗಿ ಬಂದ ದಿನ ಅವಳೇ ರಬ್ಬರಿನಿಂದ ಚುಕ್ಕೆ ಅಳಿಸಬೇಕು. ಅದು ಅಪ್ಪನ ಕಾನೂನು.

ಹೋದ ವರ್ಷ ಅಪ್ಪ ತೀರಿಕೊಂಡ. ಪುಸ್ತಕದಲ್ಲಿ ಅರವತ್ತಮೂರು ಚುಕ್ಕೆಗಳು ಉಳಿದವು.

ಪಾಠ ಒಪ್ಪಿಸಿಕೊಳ್ಳಲು ಯಾರಾದರೂ ಬೇಕಲ್ಲ ಎಂದು ಮನೆ ಓನರಮ್ಮನ ಬಳಿ ಹೋದಳು. ಆಕೆಗೆ ಇಂಗ್ಲಿಷ್ ಬರುತ್ತಿತ್ತು, ತಾಳ್ಮೆ ಇರಲಿಲ್ಲ. ಮೂರನೆಯ ಪದಕ್ಕೇ "ಈ ವಯಸ್ಸಲ್ಲಿ ಯಾಕಮ್ಮ ಈ ಒದ್ದಾಟ?" ಎಂದು ಟೀವಿ ಕಡೆ ತಿರುಗಿದರು. ಕೊನೆಗೆ ಕನ್ನಡಿಗೆ ಒಪ್ಪಿಸಿದಳು. ಕನ್ನಡಿಯೂ ಅವಳ ಜೊತೆಗೇ ಉಗುಳು ನುಂಗಿತು. ಅಂಗಡಿಯಲ್ಲಿ ದಿನವಿಡೀ ಜನ. ಎಲ್ಲರೂ ಕೇಳುತ್ತಿದ್ದದ್ದು "ಯಾವಾಗ ಸಿಗುತ್ತೆ?" ಎಂದಷ್ಟೇ. ಅಷ್ಟು ಜನರ ನಡುವೆ ಅವಳು ಒಂಟಿಯಾಗಿದ್ದಳು.

ಇನ್ನೂ ಒಂದು ಫಜೀತಿ. ಮಾದರಿ ಪ್ರಶ್ನೆಪತ್ರಿಕೆಗಳಲ್ಲಿ ಅವಳು ತಪ್ಪುತ್ತಿದ್ದದ್ದೆಲ್ಲ ಚುಕ್ಕೆಯ ಪದಗಳೇ. ದಡ್ಡತನವಲ್ಲ. ಆ ಪುಟಗಳನ್ನು ಅವಳು ತೆರೆಯುತ್ತಲೇ ಇರಲಿಲ್ಲ. ಕಲಿತರೆ ಅಳಿಸಬೇಕಲ್ಲ!

ಪರೀಕ್ಷೆಗೆ ಒಂದು ತಿಂಗಳು ಉಳಿದಾಗ, ತನ್ನನ್ನು ತಾನೇ ಬೈದುಕೊಂಡು ರಬ್ಬರ್ ಕೈಗೆತ್ತಿಕೊಂಡಳು. ಖಾಲಿ ಕುರ್ಚಿಯ ಮೇಲೆ ಪುಸ್ತಕ ಇಟ್ಟು, ನಂಬರನ್ನೂ ತಾನೇ ಕೂಗಿ, ಉತ್ತರವನ್ನೂ ತಾನೇ ಹೇಳಿದಳು. ಉಗುಳು ನುಂಗದೆ ಹೇಳಿದ ಪದದ ಚುಕ್ಕೆ ಅಳಿಸಿದಳು. ದಿನಕ್ಕೆ ಎರಡು, ಮೂರು. ಪ್ರತಿ ಸಲವೂ ಅಳು ಬಂತು. ಅತ್ತುಕೊಂಡೇ ಅಳಿಸಿದಳು.

ಫಲಿತಾಂಶ ಬಂದ ಬೆಳಿಗ್ಗೆ ಫೋನಿನಲ್ಲಿ ತನ್ನ ನಂಬರನ್ನು ಮೂರು ಸಲ ನೋಡಿದಳು. ಇತ್ತು! ಓಡಿಹೋಗಿ ಹೇಳೋಣವೆಂದರೆ ಯಾರಿಗೆ? ಕುರ್ಚಿಯ ಎದುರು ಕೂತು ಪುಸ್ತಕ ತೆರೆದಳು. ಉಳಿದಿದ್ದದ್ದು ಒಂದೇ ಚುಕ್ಕೆ, ಇನ್ನೂರ ಹದಿನೇಳರ ಪಕ್ಕ: ಗ್ಯಾರುಲಸ್. ವಾಚಾಳಿ ಎಂದು ಅರ್ಥ. ಅದನ್ನು ಕೇಳಿದ ದಿನ ಅಪ್ಪ, "ಅಂದ್ರೆ ನಾನು!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಪರೀಕ್ಷೆಗೆ ಎಷ್ಟೋ ಮೊದಲೇ ಆ ಪದ ಅವಳ ನಾಲಿಗೆ ತುದಿಯಲ್ಲಿತ್ತು.

ರಬ್ಬರನ್ನು ಚುಕ್ಕೆಯವರೆಗೂ ತಂದಳು. ಆಮೇಲೆ ಅದನ್ನು ಡಬ್ಬಿಯೊಳಗೆ ಹಾಕಿ ಮುಚ್ಚಿದಳು.

"ಅಪ್ಪ, ನಾನು ಪಾಸಾದೆ," ಎಂದಳು ಕುರ್ಚಿಗೆ. "ಆದ್ರೆ ಇದೊಂದು ಇನ್ನೂ ಬರಲ್ಲ ನಂಗೆ."

ಹೇಳಿ, ಉಗುಳು ನುಂಗಿದಳು.