ಸಾಲಿನ ಕಟ್ಟಕಡೆಗೆ ನಿಂತ ಬಿಳಿ ಎತ್ತು

ಹುಣಸೆಹುಳಿ ಹಚ್ಚಿ ಹಿತ್ತಾಳೆ ತಿಕ್ಕಿದಾಗ ಒಂದು ವಾಸನೆ ಏಳುತ್ತದೆ. ಮೊನ್ನೆ ಆ ವಾಸನೆ ಮೂಗಿಗೆ ಬಡಿದದ್ದೇ ನಮ್ಮೂರ ಪಾಟೀಲರು ಬಂದು ಎದುರಿಗೆ ನಿಂತಂತಾಯಿತು…

ತಾಂಡೂರಿನಲ್ಲಿ ನನ್ನದು ಕಲ್ಲು ಪಾಲಿಶ್ ಮಾಡುವ ಸಣ್ಣ ಕಾರ್ಖಾನೆ. ಐದನೇ ಕ್ಲಾಸಿಗೇ ಶಾಲೆ ಬಿಟ್ಟು ಕಲ್ಲಿನ ಖಣಿಗೆ ಇಳಿದವನು ನಾನು. ಇವತ್ತು ನನ್ನ ಮಷೀನುಗಳ ಸದ್ದು ರಸ್ತೆಯ ತನಕ ಕೇಳುತ್ತದೆ, ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆದರೆ ಪಾಟೀಲರ ಸೊಸೆ ಕೊಟ್ಟ ಕೊಡಣಸುಗಳನ್ನು ಮಷೀನಿಗೆ ಹಿಡಿಯಲು ಮನಸ್ಸಾಗಲಿಲ್ಲ. ಎತ್ತಿನ ಕೊಂಬಿನ ತುದಿಗೆ ತೊಡಿಸುವ ಹಿತ್ತಾಳೆಯ ಟೊಪ್ಪಿಗೆಗಳು ಅವು. ಅಂಗಳದಲ್ಲಿ ಕುಂತು ಕೈಯಿಂದಲೇ ತಿಕ್ಕಿದೆ.

ಪೆದ್ದೆಮುಲ್ ಕಡೆಯ ನಮ್ಮ ಊರು ಸಣ್ಣದು, ಮನೆಮನೆಯಲ್ಲೂ ಕನ್ನಡ. ಪಕ್ಕದ ಊರು ದೊಡ್ಡದು, ಅಲ್ಲಿ ಮಾತೆಲ್ಲ ತೆಲುಗು. ನಾವು ಅದನ್ನು ದೊಡ್ಡೂರು ಎಂದೇ ಕರೆಯುತ್ತೇವೆ. ನಾನು ಇನ್ನೂ ಖಣಿಯಲ್ಲಿ ಕೂಲಿ ಮಾಡುತ್ತಿದ್ದ ಕಾಲಕ್ಕೆ ಎರಡೂ ಊರು ಸೇರಿ ಒಂದೇ ಪಂಚಾಯ್ತಿಯಾಯಿತು. ನೀರಿನ ಪೈಪು, ರಸ್ತೆ ಎಲ್ಲ ಬರುತ್ತವೆಂದು ನಮ್ಮ ಪರವಾಗಿ ಒಪ್ಪಿಗೆ ಕೊಟ್ಟವರು ಪಾಟೀಲರು. ತಲೆತಲಾಂತರದಿಂದ ಊರಿನ ಗೌಡಿಕೆ ಅವರ ಮನೆತನದ್ದು. ಬಿಳಿ ಧೋತರ, ಹಣೆಗೆ ವಿಭೂತಿ, ನಡೆದರೆ ನೆಲಕ್ಕೆ ಗೊತ್ತಾಗಬೇಕು ಅಂಥ ಹೆಜ್ಜೆ.

ಒಂದಾದ ವರ್ಷವೇ ಎತ್ತುಗಳ ಹಬ್ಬವಾದ ಕಾರಹುಣ್ಣಿಮೆಯ ಪ್ರಶ್ನೆ ಬಂತು. ಆ ಸಂಜೆ ಊರ ಬಾಗಿಲಾದ ಅಗಸಿಗೆ ಬೇವಿನ ತೊಪ್ಪಲಿನ ಹಗ್ಗ ಬಿಗಿಯುತ್ತಾರೆ. ಅದೇ ಕರಿ. ಸಿಂಗರಿಸಿದ ಎತ್ತುಗಳು ಓಡಿಬಂದು ಅದನ್ನು ಹರಿಯಬೇಕು. ನಮ್ಮಲ್ಲಿ ಮೊದಲ ಎತ್ತು ಪಾಟೀಲರದು.

ಹುಣ್ಣಿಮೆಗೆ ಮುಂಚೆ ಪಂಚಾಯ್ತಿಯ ಮುಖ್ಯಸ್ಥರು, ದೊಡ್ಡೂರಿನ ಸರಪಂಚರು, ಪಾಟೀಲರ ಕಟ್ಟೆಗೆ ಬಂದರು. ಅವರಿಗೆ ನಮ್ಮ ಕನ್ನಡವೂ ಬರುತ್ತಿತ್ತು. ನಾವು ಹತ್ತಾರು ಮಂದಿ ಸುತ್ತ ನಿಂತಿದ್ದೆವು.

“ಪಾಟೀಲ್ ಸಾಬ್, ಊರು ಎರಡೂ ಒಂದಾದ್ವು. ಕರಿನೂ ಒಂದೇ ಆಗ್ಲಿ. ನಮ್ಮ ಅಗಸಿಗೆ ಬರ್ರಿ. ಮೊದಲ ಎತ್ತು ನಿಮ್ದೇ!”

ನಮಗೆಲ್ಲ ಎದೆ ಉಬ್ಬಿತು. ಅಷ್ಟು ದೊಡ್ಡ ಊರಲ್ಲಿ ನಮ್ಮ ಎತ್ತು ಮುಂದೆ!

ಪಾಟೀಲರು ನಕ್ಕರು. “ಚಾ ತಗೋರಿ ಮೊದಲ. ನಿಮ್ಮ ಅಗಸ್ಯಾಗ ಮೊದಲ ಓಡಿದ್ರ ಅದು ನಿಮ್ಮೂರ ಎತ್ತೇ ಆತಲ್ರಿ? ನಮ್ಮ ಅಗಸಿ ಏನ್ ಮಾಡಬೇಕು, ಬಾಯಿ ತಕ್ಕೊಂಡು ನೋಡಬೇಕೇನು?”

“ಅಂದ್ರ ನಮ್ಮ ಕೂಡ ಇರಾಂಗಿಲ್ಲ ಅಂತೀರೇನು?”

“ಇರ್ತೀನಂತ ಹೇಳೀನಲ್ರಿ. ನೋಡ್ತಿರ್ರಿ.”

ಸರಪಂಚರು ಮುಖ ಸಪ್ಪಗೆ ಮಾಡಿಕೊಂಡು ಎದ್ದುಹೋದರು. ನಮ್ಮ ಹುಡುಗರಿಗೆ ಅಷ್ಟೇ ಸಾಕಾಯಿತು. “ಒಡದು ಬಂದು ಬಿಡೋಣ್ರಿ ಪಾಟೀಲ್‌ರ, ಬ್ಯಾರೆ ಪಂಚಾಯ್ತಿ ಕೇಳೋಣು. ನೀವೇ ಸರಪಂಚ ಆಗ್ರಿ,” ಎಂದು ಕೂಗಿದವರಲ್ಲಿ ನಾನೂ ಒಬ್ಬ. ಪಾಟೀಲರ ಕಣ್ಣು ಕೆಂಪಾದವು.

“ಜಬಾನ್ ಕೊಟ್ಟವ ನಾನು, ಮಾತು ಕೊಟ್ಟವ. ಅದನ್ನ ಮುರಿದು ಸರಪಂಚ ಆಗಾಕ ನಾ ಯಾಕ ಬೇಕು, ಮಾನ ಇಜ್ಜತ್ ಇಲ್ಲದ ಯಾವನಾದ್ರೂ ಆಗ್ತಾನ. ನಡೀರಿ, ತೊಪ್ಪಲ ಕಡ್ಕೊಂಡು ಬರ್ರಿ!”

ಕಾರಹುಣ್ಣಿಮೆಗೆ ನಮ್ಮ ಅಗಸಿಯಲ್ಲಿ ಅವರ ಬಿಳಿ ಎತ್ತು ಕರಿ ಹರಿಯಿತು. ಊರೆಲ್ಲ ಕೇಕೆ. ಆಮೇಲೆ ಪಾಟೀಲರು ಯಾರೂ ಎಣಿಸದ ಕೆಲಸ ಮಾಡಿದರು. ಅದೇ ಸಿಂಗಾರದ ಎತ್ತಿನ ಹಗ್ಗ ಹಿಡಿದು ದೊಡ್ಡೂರಿನ ದಾರಿ ಹಿಡಿದರು. ನಾವು ಹಿಂದೆ ಓಡಿದೆವು. ಅಲ್ಲಿ ಎತ್ತುಗಳ ಸಾಲು ತಯಾರಾಗಿತ್ತು. ಪಾಟೀಲರು ತಲೆ ಎತ್ತಿಕೊಂಡೇ ಎಲ್ಲರನ್ನೂ ದಾಟಿ ಹಿಂದಕ್ಕೆ ಹೋಗಿ, ಕೂಲಿಯವನ ಒಂದು ಬಡಕಲು ಎತ್ತಿನ ಹಿಂದೆ, ಕಟ್ಟಕಡೆಗೆ ನಿಂತರು. ಬಿಳಿ ಎತ್ತಿನ ಕೊಂಬಿಗೆ ನಮ್ಮ ಕರಿಯ ಬೇವಿನೆಲೆ ಇನ್ನೂ ಸಿಕ್ಕಿಕೊಂಡಿತ್ತು.

ಸರಪಂಚರು ಓಡಿಬಂದರು. “ಇದೇನ್ರಿ, ಮುಂದ ಬರ್ರಿ ಸಾಬ್!”

“ನಮ್ಮ ಬಾಗಿಲಾಗ ನಾ ಮುಂದ. ನಿಮ್ಮ ಬಾಗಿಲಾಗ ನೀವು ಮುಂದ. ಆದ್ರ ಬಾಗಿಲಿಗೆ ಬರದ ಇರಾಂವ ನಾ ಅಲ್ಲ.”

ಸರಪಂಚರು ತಮ್ಮ ತಲೆಯ ರುಮಾಲನ್ನೇ ಬಿಚ್ಚಿ ಅವರಿಗೆ ಸುತ್ತಿದರು. ಆಮೇಲೆ ಪ್ರತಿ ವರ್ಷ ಹಾಗೆಯೇ ನಡೆಯಿತು. ಜಹೀರಾಬಾದಿನಿಂದ ಪಕ್ಷದವರು ಬಂದು ಬೇರೆ ಪಂಚಾಯ್ತಿಯ ಆಸೆ ತೋರಿಸಿದಾಗಲೂ ಪಾಟೀಲರು ಚಾ ಕುಡಿಸಿ ಕಳಿಸಿದರು.

ಡಿಗ್ರಿ ಓದುವ ನನ್ನ ಮಗಳು ಒಂದು ದಿನ ಪುಸ್ತಕ ಹಿಡಿದು, “ಅಪ್ಪಾ, ಹಿಂದಕ ಯುರೋಪಿನಾಗ ಲಿಥುವೇನಿಯಾ ಅಂತ ಒಂದು ನಾಡು ಪೋಲೆಂಡ್ ಕೂಡ ಒಂದಾತಂತ. ರಾಜ ಒಬ್ಬನೇ, ಸಭಾನೂ ಒಂದೇ. ಆದ್ರ ಅಲ್ಲಿನ ಸರದಾರರು ನಮ್ಮ ಕಾನೂನು ನಮಗ, ನಮ್ಮ ಖಜಾನಿ ನಮಗ ಅಂತ ಹಟ ಹಿಡದು ಕುಂತ್ರಂತ,” ಎಂದಳು. “ಅಂಥವ್ರು ನಮ್ಮೂರಾಗೂ ಒಬ್ರು ಇದ್ರವ್ವಾ,” ಎಂದೆ. ಆ ಸರದಾರರ ಮುಖ ನಾನು ಕಂಡಿಲ್ಲ. ಆದರೆ ಅವರ ಮನಸ್ಸು ನನಗೆ ಗೊತ್ತು.

ಪಾಟೀಲರು ತೀರಿಹೋಗಿ ಕೆಲವು ವರ್ಷಗಳಾದವು. ಟ್ರ್ಯಾಕ್ಟರು ಬಂದು ನಮ್ಮ ಊರಿನ ದನದ ಹಟ್ಟಿಗಳೂ ಖಾಲಿಯಾದವು. ಹೋದ ವರ್ಷ ಕರಿ ಕಟ್ಟಿದೆವು, ಹರಿಯಲು ಊರಲ್ಲಿ ಒಂದು ಎತ್ತೂ ಇರಲಿಲ್ಲ. ಪಕ್ಕದ ಮನೆಯ ಮುದುಕಿ ನನ್ನನ್ನೇ ಚುಚ್ಚಿದಳು: “ಏನೋ ಕಲ್ಲಿನ ಸಾವ್ಕಾರ, ನಿನ್ನ ಮಷೀನಿಗೆ ಕೊಂಬು ಹಚ್ಚಿ ಓಡಸ್ತೀಯೇನು?”

ಆಗಲೇ ದೊಡ್ಡೂರಿನ ದಾರಿಯಲ್ಲಿ ಗೆಜ್ಜೆ ಸದ್ದು. ಆ ಹಳೆಯ ಸರಪಂಚರು, ಈಗ ಕೋಲು ಹಿಡಿದ ಮುದುಕರು, ತಮ್ಮ ಎತ್ತು ಹೊಡೆಸಿಕೊಂಡು ಬಂದಿದ್ದರು. “ಮುಂದ ತರ್ರಿ,” ಎಂದೆವು. ಅವರು ತಲೆ ಅಲ್ಲಾಡಿಸಿದರು.

“ನಿಮ್ಮ ಅಗಸ್ಯಾಗ ನಾ ಕಡೆಗೆ. ನಿಮ್ಮ ಪಾಟೀಲ್ ಸಾಬ್ ಕಲಿಸ್ಯಾರ.”

ಕಡೆಗೇ ನಿಂತರು. ಅವರ ಮುಂದೆ ಅಗಸಿಯ ತನಕ ಬರೀ ಮಣ್ಣಿನ ದಾರಿ…

ಆ ಖಾಲಿ ದಾರಿಯನ್ನು ಇನ್ನೊಮ್ಮೆ ನೋಡಲಾರೆ ಎಂದು ಈ ಸಲ ಎತ್ತು ತಂದಿದ್ದೇನೆ. ಬಿಳಿಯದೇ. ನನ್ನ ದುಡಿಮೆಯದು. ಪಾಟೀಲರ ಮನೆಯ ಕೊಡಣಸು ತಿಕ್ಕಿ ಬಂಗಾರದಂತೆ ಹೊಳೆಸಿದ್ದೇನೆ. ನಮ್ಮ ಅಗಸಿಯಲ್ಲಿ ಅದು ಮುಂದೆ ಓಡುತ್ತದೆ, ಅದರ ಚಿಂತೆ ನನಗಿಲ್ಲ. ಅದೇ ಸಂಜೆ ದೊಡ್ಡೂರಿಗೂ ಹೊಡೆದುಕೊಂಡು ಹೋಗುತ್ತೇನೆ. ಅಲ್ಲಿ ಎಲ್ಲರನ್ನೂ ದಾಟಿ ಹಿಂದಕ್ಕೆ ನಡೆಯುವಾಗ ತಲೆ ಅಷ್ಟು ಎತ್ತರಕ್ಕೆ ಹಿಡಿಯುವುದು ಹೇಗೆ ಎಂದು ಕೇಳಲು ಪಾಟೀಲರು ಇರಬೇಕಿತ್ತು.