ಹುಳಿಯಾದ ಅಂಬಲಿ

“ಇದು ನಿನ್ನಿ ಉಳದದ್ದೇ ಅದ ನೋಡೋ,” ಎಂದು ಗೆಳೆಯ ನನ್ನ ಕಿವಿಯಲ್ಲಿ ಪಿಸುಗುಟ್ಟಿದ.

“ಇಲ್ಲೋ, ತಾಜಾನೇ ಅದ, ಹದ ತಪ್ಪ್ಯಾದ,” ಎಂದು ನಾನು ವಾದಿಸಿದೆ.

ಬಸವಕಲ್ಯಾಣದ ಬಸ್ಸು ಹತ್ತುವ ಮುಂಚೆ, ಹುಮನಾಬಾದ್ ನಿಲ್ದಾಣದ ಹೊರಗೆ ದುಬಲಗುಂಡಿಯ ಶಾಂತಮ್ಮ ಮಾರುವ ಜೋಳದ ಅಂಬಲಿ ಕುಡಿಯುವುದು ನಮ್ಮಿಬ್ಬರ ರೂಢಿ. ಮೂರ್ನಾಲ್ಕು ತಿಂಗಳು ಕಾಣದೆ ಹೋದ ಅವರು ಮರಳಿದ ಮೇಲೆ ಅಂಬಲಿಯ ರುಚಿ ದಿನಕ್ಕೊಂದು ತರಹ ಆಗಿತ್ತು. ಆದರೂ ಅವರೆದುರು ನಗುತ್ತಲೇ ಲೋಟ ಖಾಲಿ ಮಾಡುತ್ತಿದ್ದೆವು.

ನಮ್ಮ ಪಿಸುಮಾತು ಅವರಿಗೆ ಕೇಳಿಸಿತು. ಸೌಟು ಕೆಳಗಿಟ್ಟರು.

“ಗಂಟಲ್ದಾಗ ಕ್ಯಾನ್ಸರ್ ಆಗಿತ್ರಿ ಅಣ್ಣಾರ. ದವಾಖಾನ್ಯಾಗ ರೇಡಿಯೇಶನ್ ಕರೆಂಟ್ ಕೊಟ್ಟಾಗಿಂದ ನನ್ನ ನಾಲಿಗಿಗಿ ರುಚಿನೇ ತಿಳ್ಯಂಗಿಲ್ಲ. ನಿಮ್ಮ ಮಾರಿ ನೋಡೇ ಹುಳಿ ತಿಳ್ಕೋತೀನಿ. ನೀವು ನಗಾಕತ್ತಿದ್ರಿ. ಛಲೋ ಆಗ್ಯಾದ ಅಂತ ಹಾಂಗೇ ಮಾಡ್ಕೋತ ಬಂದೆ.”

ಗೆಳೆಯ ಅರ್ಧ ಲೋಟ ಕೆಳಗಿಟ್ಟ. “ಇವತ್ತ ಹುಳಿ ಹೆಚ್ಚಾಗ್ಯಾದ್ರಿ,” ಎಂದೆ ನಾನು.

ಈಗ ದಿನವೂ ಮೊದಲ ಲೋಟ ನನಗೇ ಕೊಡುತ್ತಾರೆ. ಕೊಟ್ಟು, ನನ್ನ ಮುಖವನ್ನೇ ನೋಡುತ್ತ ನಿಲ್ಲುತ್ತಾರೆ. ಹುಳಿಯಾಗಿದ್ದರೆ ಮುಖ ಸಿಂಡರಿಸುತ್ತೇನೆ. ಅದು ಇಷ್ಟು ಕಷ್ಟದ ಕೆಲಸವೆಂದು ನನಗೆ ಗೊತ್ತಿರಲಿಲ್ಲ.